ಟೈಮಿಂಗ್ ಕವರಿನ ವರ್ಷ

೨೦೨೩ರ ಜೂನ್ ೧೧, ಭಾನುವಾರ. ನೋಡಿದ ಆಧಾರ: ಅಣ್ಣನ ಹಳೆಯ ಮೋಟಾರ್ ಸೈಕಲ್ಲಿನ ಆರ್‌ಸಿ ಪುಸ್ತಕ ಮತ್ತು ಬಿಡಿಭಾಗಗಳ ಪಟ್ಟಿಯ ಜೆರಾಕ್ಸ್ ಪ್ರತಿ. ಎರಡರಲ್ಲೂ ತಯಾರಿಕೆಯ ವರ್ಷ ೧೯೭೪ ಎಂದೇ ಇದೆ. ಆ ಪಟ್ಟಿಯ ಪ್ರಕಾರ ತರಿಸಿದ ಮೂರನೆಯ ಗ್ಯಾಸ್ಕೆಟ್, ಎಣ್ಣೆ ಸೋರದಂತೆ ಅಂಚಿಗೆ ಕೂರಿಸುವ ಕಾಗದದ ಪಟ್ಟಿ, ಹಾಕಿಸಿದ ಮೇಲೂ ಎಂಜಿನ್ನಿನ ಬಲಬದಿಯ ಟೈಮಿಂಗ್ ಕವರಿನಿಂದ ಎಣ್ಣೆ ಜಿನುಗುವುದು ನಿಲ್ಲಲಿಲ್ಲ. ಜಯನಗರದ ನಮ್ಮ ಮನೆಯ ಅಂಗಳದಲ್ಲಿ ಗಾಡಿಯ ಅಡಿಗೆ ಹಾಸಿದ್ದ ರಟ್ಟನ್ನು ಮತ್ತೆ ಬದಲಾಯಿಸಿದೆ. ಬಗ್ಗಿ ಏಳುವುದೇ ಈಗ ದೊಡ್ಡ ಕೆಲಸ.

ಈ ಸೋರಿಕೆಗೆ ನಾನೇ ಕಾರಣನೆಂದು ನಮ್ಮ ಕುಟುಂಬದಲ್ಲಿ ತೀರ್ಮಾನವಾಗಿ ನಲವತ್ತು ವರ್ಷ ದಾಟಿದೆ. ೧೯೮೧ರ ಫೆಬ್ರವರಿಯಲ್ಲಿ ಶಾಸನಗಳ ಸಮೀಕ್ಷೆಗೆಂದು ಕೋಲಾರದ ಕಡೆ ಗಾಡಿ ಒಯ್ದು, ಜಲ್ಲಿಯ ಮೇಲೆ ಜಾರಿ ಬಿದ್ದು, ಒಡೆದ ಕವರಿನ ಬದಲು ಸಿಕ್ಕಿದ್ದೊಂದನ್ನು ಹಾಕಿಸಿಕೊಂಡು ಹಿಂದಿರುಗಿದ್ದೆ. ಅಂಗೈಗೆ ಚುಚ್ಚಿದ ಜಲ್ಲಿಯ ಬಿಸಿ ಇನ್ನೂ ನೆನಪಿದೆ. ಅಣ್ಣ ಅಂದಿನಿಂದ ಗಾಡಿಯನ್ನು ಮುಟ್ಟದೆ ನನಗೇ ಬಿಟ್ಟ. ಈಗ ಅವನಿಗೆ ಎಂಬತ್ತೆರಡು. ಕಳೆದ ತಿಂಗಳು ಜೆ.ಪಿ. ನಗರದಿಂದ ಫೋನ್ ಮಾಡಿದ್ದ.

"ಕೆಡಿಸ್ದೋನು ನೀನು. ಸೋರದ ಹಾಗೆ ಮಾಡಿ ತಂದ್ಕೊಡು. ಒಂದ್ಸಲ ಅದರ ಸೌಂಡ್ ಕೇಳ್ಬೇಕು."

ಮಂಗಳವಾರ ಗಾಡಿಯನ್ನು ಟೆಂಪೋದಲ್ಲಿ ಹಾಕಿಸಿ ವಿಲ್ಸನ್ ಗಾರ್ಡನ್ನಿನ ವಯಸ್ಸಾದ ಮೆಕ್ಯಾನಿಕ್ ಒಬ್ಬರಲ್ಲಿಗೆ ಒಯ್ದೆ. ನನ್ನ ಪಟ್ಟಿಯನ್ನು ಅವರು ಕಣ್ಣೆತ್ತಿಯೂ ನೋಡಲಿಲ್ಲ. ಎಂಜಿನ್ನನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಮುಖಕ್ಕೆ ಹಚ್ಚುವ ಪೌಡರನ್ನು ಮೈತುಂಬ ಉದುರಿಸಿ, ಹತ್ತು ನಿಮಿಷ ಓಡಿಸಿದರು. ಕವರಿನ ಕೆಳಅಂಚಿನಲ್ಲಿ ಒಂದೇ ಕಡೆ ಪೌಡರು ಎಣ್ಣೆ ಹೀರಿ ಕಪ್ಪಾಯಿತು. ಕವರ್ ಬಿಚ್ಚಿ, ನಾನು ತರಿಸಿದ ಗ್ಯಾಸ್ಕೆಟ್ಟನ್ನು ಅದರ ಮೇಲಿಟ್ಟು ತೋರಿಸಿದರು. ಅಲ್ಲಿಯೇ ಅಂಚು ಒಂದಕ್ಕೊಂದು ಕೂಡುತ್ತಿರಲಿಲ್ಲ.

"ಎಂಜಿನ್ ಎಪ್ಪತ್ನಾಲ್ಕರದೇ ಸಾರ್, ಕವರ್ ಆಮೇಲಿನ ಮಾಡೆಲ್‌ದು. ನೀವು ಪುಸ್ತಕ ನೋಡಿ ತಂದ್ರಿ, ಗಾಡಿ ನೋಡಿ ತರ್ಲಿಲ್ಲ."

ಶಾಸನದ ಕಲ್ಲನ್ನು ಕಣ್ಣಾರೆ ನೋಡದೆ ಅಚ್ಚಾದ ಪಾಠ ಒಪ್ಪಬಾರದೆಂದು ಬದುಕಿಡೀ ವಿದ್ಯಾರ್ಥಿಗಳಿಗೆ ಬೋಧಿಸಿದವನು ನಾನು. ಅವರು ಗ್ಯಾಸ್ಕೆಟ್ ಕಾಗದವನ್ನು ಕವರಿನ ಮೇಲೆ ಹಾಸಿ, ಅಂಚಿನುದ್ದಕ್ಕೂ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಅದೇ ಆಕಾರಕ್ಕೆ ಕತ್ತರಿಸಿ ಕೂರಿಸಿದರು. ಕವರ್ ಯಾವ ವರ್ಷ ಬದಲಾಯಿತೆಂದು ಕೇಳಿದಾಗ, ಎಂಬತ್ತೊಂದು ಎಂದೆ.

ಗಾಡಿ ನಮ್ಮ ಅಂಗಳಕ್ಕೆ ಮರಳಿದ ಮೇಲೆ ಶನಿವಾರದವರೆಗೂ ರಟ್ಟು ಒಣಗಿಯೇ ಇತ್ತು. ಭಾನುವಾರ ಬೆಳಿಗ್ಗೆ ಮೆಕ್ಯಾನಿಕ್ಕರೇ ಗಾಡಿಯನ್ನು ಅಣ್ಣನ ಮನೆಗೆ ಓಡಿಸಿಕೊಂಡು ಬಂದರು. ನಾನು ಆಟೋದಲ್ಲಿ ಹಿಂಬಾಲಿಸಿದೆ. ಅಣ್ಣ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು, ಕಣ್ಣು ಮುಚ್ಚಿ ಬಹಳ ಹೊತ್ತು ಆ ಸದ್ದನ್ನು ಕೇಳಿದ.

"ಆಯ್ತು ಬಿಡು," ಎಂದ. "ಇನ್ಮೇಲೆ ನಿನ್ನ ಏನೂ ಅನ್ನಲ್ಲ."

ಕ್ಷಮೆ ಸಿಕ್ಕಿತೆಂಬ ಹಗುರವಿರಲಿಲ್ಲ, ಬರೀ ಸುಸ್ತು. ಮನೆಗೆ ಮರಳಿ, ದುರಸ್ತಿಯ ಟಿಪ್ಪಣಿಯಲ್ಲಿ ಕವರ್ ಬದಲಾದ ದಿನಾಂಕವನ್ನು ಖಚಿತವಾಗಿ ನಮೂದಿಸಲೆಂದು ಆ ವರ್ಷದ ಕ್ಷೇತ್ರಕಾರ್ಯದ ದಿನಚರಿಯನ್ನು ಹುಡುಕಿ ತೆಗೆದೆ. ೧೯೮೧ರ ಫೆಬ್ರವರಿ ೯, ಸೋಮವಾರದ ಪುಟದಲ್ಲಿ ಹೀಗಿದೆ: "ಕೋಲಾರಕ್ಕೆ ಬಸ್ಸಿನಲ್ಲಿ ಬಂದೆ. ಮೊನ್ನೆ ಬನಶಂಕರಿಯ ಬಳಿ ಅಣ್ಣ ಬಿದ್ದು ಗಾಡಿಯ ಕವರ್ ಒಡೆದಿದೆ. ಗಾಡಿ ರಿಪೇರಿಯಲ್ಲಿದೆ." ಕೈಬರಹ ನನ್ನದೇ.