ಮೂರು ಹೊತ್ತಿನ ಹೊಗೆ

ನಮ್ಮ ಸೇಲಂ ಮನೆಯ ಮಾಳಿಗೆ ಮೇಲೆ ಇವತ್ತು ಒಂದು ಗುಡಾರ ಒಣಗುತ್ತಿದೆ. ನೀಲಿ ಬಣ್ಣದ್ದು, ಸೀರೆಗಿಂತ ತೆಳು, ಮಡಚಿದರೆ ದಿಂಬಿನಷ್ಟಾಗುತ್ತದೆ. ಮೊಮ್ಮಗಳು ದರ್ಶಿನಿ ಅದನ್ನು ಬೆನ್ನಿಗೇರಿಸಿಕೊಂಡು ಏರ್ಕಾಡ್ ಬಸ್ಸು ಹತ್ತಿ, ಯಾರದೋ ಕಾಫಿ ತೋಟದ ಅಂಚಿನಲ್ಲಿ ಎರಡು ರಾತ್ರಿ ಒಬ್ಬಳೇ ಇದ್ದು ನಿನ್ನೆ ಬಂದಳು. ಮನೆಯಲ್ಲಿ ಮಂಚವಿದ್ದೂ ದುಡ್ಡು ಕೊಟ್ಟು ಮಣ್ಣಿನ ಮೇಲೆ ಮಲಗಿ ಬಂದಳು! ನನಗೆ ನಿನ್ನೆಯಿಂದ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಹಾಲಿನವನಿಗೆ ಹೇಳಿದೆ, ಎದುರು ಮನೆಯವರಿಗೆ ಹೇಳಿದೆ, ಅವರ ಮನೆಗೆ ಬಂದಿದ್ದ ನೆಂಟರನ್ನೂ ಬಿಡಲಿಲ್ಲ.

ಆದರೆ ನನ್ನ ಮಗನಿಗೆ ಅನುಮಾನ. ಹುಡುಗಿ ಹೋಗಿದ್ದು ಒಬ್ಬಳೇ ಹೌದೋ ಅಲ್ಲವೋ? "ಅವ್ವಾ, ನೀನೇ ಕೇಳು. ನಿನ್ನ ಮುಂದೆ ಸುಳ್ಳು ನಿಲ್ಲಾಕಿಲ್ಲ. ಒಬ್ಬಳೇ ಅಂದ್ರೆ ಸರಿ, ಇನ್ನೊಂದು ಸಲನೂ ಓಗ್ಲಿ. ಇಲ್ಲಾಂದ್ರೆ ಇದೇ ಕೊನೆ" ಎಂದ.

ಮಗ ಹೇಳಿದ್ದರಲ್ಲಿ ತಪ್ಪಿಲ್ಲ. ಅನುಮಾನ ಪಡುವುದರಲ್ಲಿ ನನ್ನದು ಎತ್ತಿದ ಕೈ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳಾದರೂ ಅಂಗಡಿಯವನ ತಕ್ಕಡಿ, ಕಂಡಕ್ಟರನ ಚಿಲ್ಲರೆ, ನೆಂಟರ ನಗು ಇವನ್ನೆಲ್ಲ ಎರಡೆರಡು ಸಲ ನೋಡದೆ ಬಿಟ್ಟವಳಲ್ಲ. ಮಾಳಿಗೆ ಹತ್ತಿ ಗುಡಾರದ ಚೀಲ ತಿರುವಿ ನೋಡಿದೆ. ಅದರ ಮೇಲೆ ಇಬ್ಬರು ಮಲಗಿರುವ ಚಿತ್ರ. ಸಿಕ್ಕಿಬಿದ್ದಳು ಅಂದುಕೊಂಡೆ! ಆಮೇಲೆ ಬಟ್ಟೆಗೆ ಮೂಗು ಹಚ್ಚಿದೆ. ಸೌದೆಯ ಹೊಗೆ, ಹಸಿ ಮಣ್ಣು. ಆ ವಾಸನೆ ಬಂದದ್ದೇ ತಡ, ವಿಚಾರಣೆ ಮರೆತು ನೀರಿನ ತೊಟ್ಟಿಯ ನೆರಳಲ್ಲಿ ಕುಳಿತುಬಿಟ್ಟೆ. ನೀವೂ ಬನ್ನಿ, ಕುಳಿತುಕೊಳ್ಳಿ. ನೆರಳು ಇಬ್ಬರಿಗೂ ಸಾಕು.

ನಾನೂ ಒಂದು ಸಲ ಒಬ್ಬಳೇ ಹೀಗೆ ಬಯಲಲ್ಲಿ ಇದ್ದವಳು. ತೊಂಬತ್ತರ ಆಚೀಚೆ, ಈ ಮಗ ಇನ್ನೂ ಶಾಲೆಗೆ ಹೋಗುತ್ತಿದ್ದ. ನನ್ನ ತವರು ಅದಿಯಮಾನ್‌ಕೋಟೆ ಕಡೆ. ಮದುವೆಯಾಗಿ ಬಂದದ್ದು ಮೆಟ್ಟೂರು ಅಣೆಯ ಹಿನ್ನೀರಿನ ಪಕ್ಕದ ಒಂದು ಹಳ್ಳಿಗೆ. ಬೇಸಿಗೆಯಲ್ಲಿ ನೀರು ಇಳಿದಾಗ ಅಡಿಯ ಮೆಕ್ಕಲು ಮಣ್ಣು ಹೊರಗೆ ಕಾಣುತ್ತದೆ. ಎಳ್ಳು ಚೆಲ್ಲಿದರೆ ಸಾಕು, ಗೊಬ್ಬರ ಬೇಡ. ಆ ನೆಲಕ್ಕೆ ಪಟ್ಟಾ ಇಲ್ಲ, ಕಾಗದ ಇಲ್ಲ. ನಮ್ಮವರ ಕಟ್ಟಳೆ ಒಂದೇ. ಬಿತ್ತಿದವರು ಅಲ್ಲೇ ಗುಡಿಸಲು ಹಾಕಿಕೊಂಡು ಇರಬೇಕು, ಬೆಳಿಗ್ಗೆ ಸಂಜೆ ಅವರ ಒಲೆಯಿಂದ ಹೊಗೆ ಏಳಬೇಕು. ಒಂದರ ಹಿಂದೊಂದು ಮೂರು ಹೊತ್ತು ಹೊಗೆ ಕಾಣದಿದ್ದರೆ ಬಿಟ್ಟುಹೋದರು ಎಂದೇ ಅರ್ಥ. ಆಮೇಲೆ ಯಾರು ನೇಗಿಲು ಇಳಿಸಿದರೂ ಕೇಳುವ ಹಾಗಿಲ್ಲ. ಎಳ್ಳು ಮೊಳೆತು ನಾಲ್ಕು ಎಲೆ ಬಿಟ್ಟ ಮೇಲೆ ಯಾರೂ ಮುಟ್ಟುವುದಿಲ್ಲ, ನಾವೂ ಮನೆಗೆ ಹೋಗಬಹುದು.

ಪ್ರತಿ ವರ್ಷ ಹೋಗಿ ಇರುತ್ತಿದ್ದವರು ನಮ್ಮ ಯಜಮಾನರು. ಆ ವರ್ಷ ಬಿತ್ತನೆ ಮುಗಿದ ಮಾರನೇ ದಿನವೇ ಅವರಿಗೆ ಕಾಮಾಲೆ ಬಂತು. ಎಳ್ಳು ಕೈಬಿಟ್ಟರೆ ಆ ವರ್ಷ ಮನೆಗೆ ಎಣ್ಣೆಯಿಲ್ಲ, ಮಗನಿಗೆ ಹೊಸ ಅಂಗಿಯಿಲ್ಲ.

"ಒಬ್ಬಳೇ ಇರ್ತೀಯೇನೇ?" ಎಂದರು, ಅರಿಶಿನದಂಥ ಕಣ್ಣು ಬಿಟ್ಟುಕೊಂಡು.

"ನಾನು ಇರ್ತೀನಿ. ನೀವು ಅಲ್ಲಿ ಇಲ್ಲಿ ಕರಿದಿದ್ದು ತಿನ್ನಬ್ಯಾಡಿ. ತಿಂದ್ರೆ ನಂಗೆ ಗೊತ್ತಾಗ್ತೈತೆ" ಎಂದು ಪಾತ್ರೆ, ರಾಗಿ ಹಿಟ್ಟು, ಒಂದು ಡಬ್ಬಿ ಮೆಣಸಿನಪುಡಿ ಕಟ್ಟಿಕೊಂಡು ಹೊರಟೆ. ಮೆಣಸಿನಪುಡಿ ಸಾರಿಗಲ್ಲ, ಕಳ್ಳರ ಕಣ್ಣಿಗೆ.

ನಮ್ಮ ಜಾಗದ ಬಲಕ್ಕೆ ಮಾದಮ್ಮ ಎಂಬ ಹೆಂಗಸಿನ ಜಾಗ, ಎಡಕ್ಕೆ ಚಿನ್ನಪ್ಪನದು. ಮಾದಮ್ಮ ಗಂಡ ಸತ್ತವಳು, ಎಷ್ಟೋ ವರ್ಷದಿಂದ ಒಬ್ಬಳೇ ಬಂದು ಇರುತ್ತಿದ್ದಳು. ನಾನು ತಲೆ ಮೇಲಿನ ಗಂಟು ಇಳಿಸುವ ಮುಂಚೆಯೇ ಬಂದು ನಿಂತಳು. "ಎಷ್ಟು ದಿನ ಇರ್ತೀಯಮ್ಮಿ?"

ಇವಳಿಗೇಕೆ ಲೆಕ್ಕ? "ಇರೋಷ್ಟು ದಿನ" ಎಂದೆ.

"ಒಲೆ ಬಾಯಿ ಗಾಳಿಗೆ ಎದುರಾಗಿ ಐತೆ. ತಿರುಗ್ಸಿ ಇಡು."

ನನ್ನ ಹೊಗೆ ದೂರಕ್ಕೆ ಕಾಣದಿರಲಿ ಎಂದೇ ಹೀಗೆ ಹೇಳಿಕೊಡುತ್ತಿದ್ದಾಳೆ ಅನ್ನಿಸಿತು. ಒಲೆ ತಿರುಗಿಸಲಿಲ್ಲ. ಸಂಜೆಗೆ ಹೊಗೆಯೆಲ್ಲ ಗುಡಿಸಲೊಳಗೇ ತುಂಬಿ ಕೆಮ್ಮಿ ಕೆಮ್ಮಿ ಹೊರಗೆ ಓಡಿದೆ. ಮಾದಮ್ಮ ಅತ್ತ ತಿರುಗಿ ಕುಳಿತಿದ್ದಳು, ಬೆನ್ನು ಮಾತ್ರ ಕುಲುಕುತ್ತಿತ್ತು.

ಚಿನ್ನಪ್ಪನನ್ನೂ ನಾನು ಬಿಡಲಿಲ್ಲ. ಗಡಿಯ ಹತ್ತಿರ ಬೀಡಿ ಸೇದುತ್ತ ಸುಮ್ಮನೆ ನಿಂತಿದ್ದವನಿಗೆ, ಕಣ್ಣಲ್ಲೇ ನಮ್ಮ ಜಾಗ ಅಳೆಯುತ್ತಿದ್ದಾನೆ ಎಂದು ತಿಳಿದು, ಅವನ ಮೂರು ತಲೆಮಾರು ತೊಳೆದಿಟ್ಟೆ. ಬೀಡಿ ಬಿಸಾಕಿ ಹೋದ.

ದಿನಾ ಬೆಳಿಗ್ಗೆ ಗಡಿಕಲ್ಲಿನಿಂದ ಗಡಿಕಲ್ಲಿಗೆ ಹೆಜ್ಜೆ ಹಾಕಿ ಅಳೆಯುತ್ತಿದ್ದೆ. ಎರಡು ದಿನ ನಲವತ್ತೆರಡು ಬಂತು. ಮೂರನೇ ದಿನ ಮೂವತ್ತೆಂಟು! ನೇರವಾಗಿ ಮಾದಮ್ಮನ ಗುಡಿಸಲಿಗೆ ನುಗ್ಗಿದೆ. "ರಾತ್ರಿ ಕಲ್ಲು ಜರುಗಿಸಿದ್ದೀಯ. ನಾಲ್ಕು ಹೆಜ್ಜೆ ನುಂಗಿದ್ದೀಯ."

ಅವಳು ಎಲೆಅಡಿಕೆ ಉಗಿದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನೆನ್ನೆ ಸೀರೆ ಇಳಿಬಿಟ್ಕಂಡು ಅಳೆದೆ. ಇವತ್ತು ಮೊಣಕಾಲ್ಗಂಟ ಎತ್ತಿ ಕಟ್ಕಂಡಿದ್ದೀಯ. ಹೆಜ್ಜೆ ಉದ್ದ ಆಗಲ್ವೇನೇ, ಪೈತ್ಯ ಹಿಡಿದೋಳೇ?"

ಸೀರೆ ಇಳಿಸಿ ಮತ್ತೆ ಅಳೆದೆ. ನಲವತ್ತೆರಡು. ಆದರೂ ತಪ್ಪಾಯಿತು ಎಂದು ಹೇಳಲಿಲ್ಲ. ಇಷ್ಟು ಬೇಗ ಉತ್ತರ ಸಿದ್ಧವಾಗಿಟ್ಟುಕೊಂಡವಳನ್ನು ಹೇಗೆ ನಂಬುವುದು, ನೀವೇ ಹೇಳಿ.

ಐದನೇ ದಿನ ಮಧ್ಯಾಹ್ನ ಊರಿನಿಂದ ಮೀನಿನವನೊಬ್ಬ ಬಂದು, "ನಿಮ್ಮ ವೀಟ್ಟುಕಾರರು, ಅದೇ ನಿಮ್ಮ ಯಜಮಾನ್ರು, ಒಂದೇ ಸಮನೆ ವಾಂತಿ ಮಾಡ್ತಾವ್ರೆ" ಎಂದ. ನನ್ನನ್ನು ಎಬ್ಬಿಸಲು ಚಿನ್ನಪ್ಪ ಹೂಡಿದ ಆಟ ಇರಬಹುದು ಎಂದುಕೊಂಡೆ. ಆದರೆ ಕಾಲು ಕೇಳಲಿಲ್ಲ. ಸಂಜೆಯ ಹೊಗೆಗೆ ಆಗಲಿ ಎಂದು ಒಲೆಯಲ್ಲಿ ಬೆರಣಿ ಮುಚ್ಚಿಟ್ಟು, ಬೆಳಗಾಗುವುದರೊಳಗೆ ಬರುತ್ತೇನೆ ಎಂದುಕೊಂಡು ಓಡಿದೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ಜಾಗ ಖಾಲಿ ಎಂದು ನಾನೇ ಡಂಗುರ ಹೊಡೆದಂತೆ.

ಆಟವಾಗಿರಲಿಲ್ಲ. ಯಜಮಾನರು ಕಣ್ಣು ಬಿಡುವ ಸ್ಥಿತಿಯಲ್ಲಿರಲಿಲ್ಲ. ಧರ್ಮಪುರಿ ಆಸ್ಪತ್ರೆಗೆ ಸಾಗಿಸಿ, ಬಾಟಲಿ ಹಾಕಿಸಿ, ಅವರು ಒಂದು ಲೋಟ ಗಂಜಿ ಕುಡಿದದ್ದನ್ನು ನೋಡುವ ಹೊತ್ತಿಗೆ ಮಾರನೇ ದಿನದ ಬೆಳಿಗ್ಗೆ, ಸಂಜೆ ಎರಡೂ ಕಳೆದಿದ್ದವು. ಅದರ ಮಾರನೇ ದಿನ ಮೊದಲ ಬಸ್ಸಿನಲ್ಲಿ ಬಂದು ಇಳಿದಾಗ ಬಿಸಿಲು ಏರಿತ್ತು. ಮೂರನೇ ಹೊತ್ತೂ ಹೋಯಿತು. ದಿಬ್ಬದ ಮೇಲೆ ನಿಂತು ಕೆಳಗಿನ ಬಯಲು ನೋಡಿದೆ. ಚಿನ್ನಪ್ಪನ ಗುಡಿಸಲಲ್ಲಿ ಹೊಗೆ. ಮಾದಮ್ಮನ ಗುಡಿಸಲಲ್ಲಿ ಹೊಗೆ. ನಡುವೆ ನನ್ನ ಗುಡಿಸಲಲ್ಲೂ ಹೊಗೆ!

ಬೇರೆ ಯಾರಾದರೂ ಆಗಿದ್ದರೆ ಕೈ ಮುಗಿಯುತ್ತಿದ್ದರು. ನನಗೆ ಹೊಳೆದದ್ದು, ಯಾರೋ ಒಳಗೆ ಸೇರಿಕೊಂಡು ಜಾಗ ಹಿಡಿದುಬಿಟ್ಟರು ಎಂದು. ಬೇಲಿಯಿಂದ ಒಂದು ದೊಣ್ಣೆ ಕಿತ್ತುಕೊಂಡು ದಿಬ್ಬ ಇಳಿದೆ. ನನ್ನ ಒಲೆಯ ಮುಂದೆ ಮಾದಮ್ಮ ಕುಳಿತು, ನನ್ನ ಪಾತ್ರೆಯಲ್ಲಿ ನನ್ನ ರಾಗಿ ಗಂಜಿ ಕಾಯಿಸುತ್ತಿದ್ದಳು. ಒಲೆಯ ಬಾಯಿಯನ್ನೂ ತಿರುಗಿಸಿಟ್ಟಿದ್ದಳು.

"ಬಂದ್ಯಾ? ನಿನ್ನ ಹಿಟ್ಟಲ್ಲಿ ಕಲ್ಲೈತೆ" ಎಂದಳು.

"ನನ್ನ ಒಲೆ ಮುಂದೆ ನಿಂಗೇನು ಕೆಲಸ?"

"ಮೂರು ಹೊತ್ತಿಂದ ಉರಿಸ್ತಾ ಇವ್ನಿ. ನೆನ್ನೆ ಸಂಜೆ ಚಿನ್ನಪ್ಪ ಬಂದು, ಒಳಗೆ ಆಳೈತಾ ಅಂದ. ಅವಳು ಮಲಗವ್ಳೆ, ಎಬ್ಬಿಸ್ಲಾ ಅಂದೆ. ಬ್ಯಾಡ ಬ್ಯಾಡ ಅಂತ ಓಡೋದ."

ದೊಣ್ಣೆ ಇನ್ನೂ ನನ್ನ ಕೈಯಲ್ಲೇ ಇತ್ತು. "ನಿಂಗೇನು ಬಂತು ಇದರಿಂದ? ನಿಜ ಯೋಳು."

ಅವಳು ಗಂಜಿ ತಿರುವುತ್ತ ದೊಣ್ಣೆಯನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿದಳು. ಆಮೇಲೆ ಹೇಳಿದಳು. "ನಿನ್ನ ಜಾಗ ಚಿನ್ನಪ್ಪನಿಗೆ ಓದ್ರೆ ಅವನ ಎಮ್ಮೆಗಳು ನನ್ನ ಎಳ್ಳಿಗೆ ಬರ್ತವೆ. ಎಮ್ಮೆಗಿಂತ ನಿನ್ನ ಬಾಯೇ ವಾಸಿ."

ಎದೆಯ ಭಾರ ಇಳಿಯಿತು. ನೋಡಿದಿರಾ, ಒಳಗೊಂದು ಕಾರಣ ಇದ್ದೇ ಇತ್ತು! ದೊಣ್ಣೆ ಕೆಳಗಿಟ್ಟು ಕುಳಿತು ಎರಡು ಲೋಟ ಗಂಜಿ ಕುಡಿದೆ. ಕಲ್ಲು ಇದ್ದದ್ದು ನಿಜ. ಮೂರು ದಿನ ಕಳೆದು ಎಳ್ಳು ನಾಲ್ಕು ಎಲೆ ಬಿಟ್ಟಿತು. ಯಜಮಾನರೂ ಎದ್ದು ಓಡಾಡಿದರು.

ಕೊಯ್ಲಿನ ಹೊತ್ತಿಗೆ ಚಿನ್ನಪ್ಪನ ಹೆಂಡತಿ ಗಡಿಯಲ್ಲಿ ಸಿಕ್ಕಳು. "ಅಮ್ಮಣ್ಣಿ, ಎಳ್ಳು ಕೊಯ್ದು ಮನೆಗೆ ಓಗೋಗಂಟ ನಿಮ್ಮ ಎಮ್ಮೆಗಳನ್ನ ಕಟ್ಟಾಕು" ಎಂದೆ. ಅವಳು ಬಾಯಿ ಬಿಟ್ಟು ನೋಡಿದಳು.

"ಎಮ್ಮೆಯಾ? ನಮ್ಮ ಮನೇಲಿ ಎಮ್ಮೆ ಎಲ್ಲೈತಕ್ಕಾ? ಎರಡು ಎತ್ತು ಬಿಟ್ರೆ ಒಂದು ಆಡೂ ಇಲ್ಲ."

ಕುಡುಗೋಲು ಹಿಡಿದುಕೊಂಡೇ ನಿಂತೆ. ಅಷ್ಟು ದಿನ ಆ ಬಯಲಲ್ಲಿ ಕಣ್ಣಲ್ಲಿ ಕಣ್ಣಿಟ್ಟು ಕಾದಿದ್ದೆ, ಕಲ್ಲು ಎಣಿಸಿದ್ದೆ, ಹೆಜ್ಜೆ ಎಣಿಸಿದ್ದೆ. ಒಂದು ಎಮ್ಮೆಯೂ ಇಲ್ಲವೆಂದು ಮಾತ್ರ ನೋಡಿರಲಿಲ್ಲ. ಸುಮ್ಮನೆ ಮಾಡಿದ ಉಪಕಾರವನ್ನು ನಾನು ನಂಬುವವಳಲ್ಲ ಎಂದು ಮಾದಮ್ಮನಿಗೆ ಗೊತ್ತಿತ್ತು. ಅದಕ್ಕೇ ನನಗೆ ಜೀರ್ಣವಾಗುವ ಹಾಗೆ ಒಂದು ಕಾರಣ ಹೊಸೆದು ಕೊಟ್ಟಿದ್ದಳು. ಎಳ್ಳುಂಡೆ ಕಟ್ಟಿ ಮಗನ ಕೈಯಲ್ಲಿ ಕಳಿಸಿದೆ. ಬೆಲ್ಲ ಕಮ್ಮಿ ಎಂದು ಹೇಳಿ ಕಳಿಸಿದಳು.

ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ದರ್ಶಿನಿ ಮಾಳಿಗೆಗೆ ಬಂದಳು, ನನ್ನ ಪಕ್ಕ ಕುಳಿತಳು. ಕೇಳಬೇಕಾದ ಪ್ರಶ್ನೆ ನಾಲಿಗೆಯ ತುದಿಯಲ್ಲೇ ಇತ್ತು. ಕೈಯಲ್ಲಿ ದೊಣ್ಣೆ ಇಲ್ಲ, ಅಷ್ಟೇ ವ್ಯತ್ಯಾಸ ಅನ್ನಿಸಿತು. ನುಂಗಿಕೊಂಡೆ. ಅವಳೇ ಶುರುಮಾಡಿದಳು.

"ಅಜ್ಜಿ, ಅಪ್ಪಂಗೆ ಹೇಳ್ಬೇಡ. ಮೊದಲ್ನೇ ದಿನ ಸಾಯಂಕಾಲ ಒಂದೇ ಅಳು. ಬಯಮಾ ಇತ್ತು. ಎಲ್ಲಾ ಮಡಚಿ ಬ್ಯಾಗ್‌ಗೆ ಹಾಕಿ ರೋಡ್‌ವರೆಗೂ ಬಂದ್ಬಿಟ್ಟೆ. ಲಾಸ್ಟ್ ಬಸ್ ಬಂತು, ನಿಂತ್ಕೊಂಡ್ತು. ಆಮೇಲೆ ಅದೇನಾಯ್ತೋ, ಹತ್ತಲಿಲ್ಲ. ವಾಪಸ್ ಹೋಗಿ ಕತ್ತಲಲ್ಲೇ ಮತ್ತೆ ಕಟ್ಟಿದೆ."

ಅವಳ ತಲೆಯನ್ನು ನನ್ನ ಮಡಿಲಿಗೆ ಎಳೆದುಕೊಂಡೆ. ಸಂತೋಷಕ್ಕೆ ಅವಳ ನೆತ್ತಿಗೆ ಎರಡು ಸಲ ಮುತ್ತಿಟ್ಟೆ.

ಕೆಳಗೆ ಮಗ ಕಾಯುತ್ತಿದ್ದ. "ಏನಂದ್ಲವ್ವಾ? ಜೊತೆಗೆ ಯಾರಿದ್ರಂತೆ?"

"ಯಾರೂ ಇರಲಿಲ್ಲ."

"ಕೇಳ್ದೆ ತಾನೆ?"

"ಕೇಳ್ಲಿಲ್ಲ. ನಾನ್ ಯೋಳ್ತಾ ಇವ್ನಿ."

ಅವನು ಒಂದು ಗಳಿಗೆ ನನ್ನನ್ನೇ ದುರುಗುಟ್ಟಿ ನೋಡಿದ, ನನ್ನಿಂದಲೇ ಕಲಿತ ನೋಟ ಅದು. ನಾನೂ ಅವನ ಮೇಲಿಂದ ಕಣ್ಣು ಕೀಳಲಿಲ್ಲ.