ಮಸಗುಪ್ಪಿಗೆ ಹೋಗದ ಫೋನ್ ಕರೆ

ಬೆಳಗಿನ ಆರು ನಲವತ್ತಕ್ಕೆ ಮಸಗುಪ್ಪಿಯ ಬಸಪ್ಪ ಕಾಕಾ, ಪಂಪ್‌ಸೆಟ್ಟಿನ ಪೈಪಿಗೆ ಸಿಕ್ಕಿದ್ದ ಕಸ ತೆಗೆಯಲು ಹೊಳೆಗೆ ಇಳಿದರು. ಕಳೆದ ಮಳೆಗಾಲದ ಮಾತು. ಹೊಳೆ ಏರಿದರೆ ದಂಡೆಯ ರೈತರಿಗೆ ತಾನಾಗಿ ಫೋನ್ ಮಾಡುವ ವ್ಯವಸ್ಥೆಯೊಂದನ್ನು ಗೋಕಾಕದ ಸಣ್ಣ ಕಚೇರಿಯಿಂದ ನೋಡಿಕೊಳ್ಳುವ ಇಂಜಿನಿಯರ್ ನಾನು. ರೈತರ ನಂಬರ್ ಪಟ್ಟಿ ಸರಿಪಡಿಸಲು ಅಂದು ಅಲ್ಲಿಗೆ ಹೋಗಿದ್ದೆ. ಮಸಗುಪ್ಪಿಯಲ್ಲಿ ಮಳೆಯಿರಲಿಲ್ಲ, ಮೇಲೆ ಹುಕ್ಕೇರಿ ಕಡೆ ಜೋರಾಗಿ ಸುರಿದಿತ್ತು.

"ನೀರು ಕೆಂಪಗಾಗೇತಿ, ಬ್ಯಾಡ್ರಿ ಕಾಕಾ," ಎಂದೆ.

"ನಿನ್ನ ಫೋನ್ ಎಲ್ಲಿ ಬಂದೈತಿ? ಬಂದಿದ್ರ ಇಳೀತಿದ್ನೇನವಾ?" ಎಂದು ನಕ್ಕರು.

ಇಪ್ಪತ್ತು ನಿಮಿಷದಲ್ಲಿ ನೀರು ಅವರ ಮೊಣಕಾಲಿನಿಂದ ಎದೆಗೆ ಬಂತು. ಜಾಲಿ ಗಿಡವೊಂದನ್ನು ಅಪ್ಪಿಕೊಂಡರು. ದಂಡೆಯಲ್ಲಿದ್ದವರು ಎಸೆದ ಹಗ್ಗ ಎರಡು ಸಲ ತಪ್ಪಿತು. ಮೂರನೆಯ ಸಲ ಸಿಕ್ಕಿತು. ನನ್ನ ಕಣ್ಣ ಮುಂದೆ ಈಗಲೂ ಬರುವುದು ಆ ಎರಡನೆಯ ಸಲ.

ಹುಕ್ಕೇರಿ ಕಡೆಯ ಸೆನ್ಸರ್ ನೀರಿನ ಮಟ್ಟ ಅಳೆದು, ನಾವು ಕೇಳದೆಯೇ ನಮ್ಮ ಸರ್ವರ್‌ಗೆ ಕಳಿಸುತ್ತದೆ. ಇಂಥ ಸಂದೇಶಕ್ಕೆ ವೆಬ್‌ಹುಕ್ ಎನ್ನುತ್ತಾರೆ. ಬಂದ ಕೂಡಲೇ ಸರ್ವರ್ ‘200’ ಎಂದು ಉತ್ತರಿಸುತ್ತದೆ, ಮುಟ್ಟಿತು ಎಂದರ್ಥ. ಓದುವುದು ಆಮೇಲೆ.

ಅಂದು ಮಸಗುಪ್ಪಿಯ ಯಾರಿಗೂ ಕರೆ ಹೋಗಿರಲಿಲ್ಲ. ಸೆನ್ಸರ್ ನೋಡಿಕೊಳ್ಳುವ ಮಹಾಂತೇಶನಿಗೆ ಫೋನ್ ಮಾಡಿದೆ. "ನಮ್ಮ ಕಡಿಂದ ಹೋಗೇತ್ರಿ ಮೇಡಂ. ನಿಮ್ಮ ಸರ್ವರ್ ಹೂಂ ಅಂದೈತಿ. ಹೂಂ ಅಂದು ಮಕ್ಕೊಂಡ್ರ ನಾ ಏನ್ ಮಾಡ್ಲಿ?"

ಪ್ರೋಗ್ರಾಮ್ ಬರೆದವಳು ನಾನೇ. ಎರಡು ದಿನ ಓದಿದರೂ ತಪ್ಪು ಕಾಣಲಿಲ್ಲ. ಮೂರನೆಯ ದಿನ ಲ್ಯಾಪ್‌ಟಾಪಿನಲ್ಲಿ ಹತ್ತು ಸಾಲಿನ ಲೋಕಲ್ ಸರ್ವರ್ ಬರೆದೆ. ಬಂದದ್ದನ್ನು ಬಂದ ಹಾಗೆ ಪರದೆಗೆ ಹಾಕುವುದಷ್ಟೇ ಅದರ ಕೆಲಸ. ಸೆನ್ಸರ್ ಸಂದೇಶಗಳನ್ನು ಅದರತ್ತಲೂ ತಿರುಗಿಸಿಕೊಂಡೆ. ಒಂದೊಂದೇ ರೀಡಿಂಗ್ ಸರಿಯಾಗಿ ಬಂತು.

"ಮಳ್ಯಾಗ ಅಲ್ಲಿ ನೆಟ್‌ವರ್ಕ್ ಇರತೈತೇನ್ರಿ?" ಎಂದು ಮಹಾಂತೇಶನನ್ನು ಕೇಳಿದೆ.

"ಎಲ್ಲೀದ್ರಿ! ಹೋಗಿ ಬರತೈತಿ."

"ಹಂಗಾರ ಸೆನ್ಸರ್‌ನ ಸಿಮ್ ತಗದು, ಅರ್ಧ ತಾಸು ಬಿಟ್ಟು ಹಾಕ್ರಿ."

ಹಾಕಿದ ಕೂಡಲೇ, ಸೆನ್ಸರ್ ಅಷ್ಟರಲ್ಲಿ ಕೂಡಿಟ್ಟಿದ್ದ ಮೂರು ರೀಡಿಂಗ್ ಒಂದೇ ಸಂದೇಶದಲ್ಲಿ ಬಂದವು, ಹಳೆಯದು ಮೊದಲು. ನನ್ನ ಪ್ರೋಗ್ರಾಮ್ ಓದುತ್ತಿದ್ದುದು ಆ ಮೊದಲನೆಯದನ್ನು ಮಾತ್ರ. ಕಾಕಾ ಇಳಿದ ದಿನ ಏರಿದ ನೀರಿನ ಅಳತೆ ಇಂಥದೇ ಸಂದೇಶದ ಕೊನೆಯಲ್ಲಿತ್ತು. ಮಳೆ ಬಂದಾಗಲೇ ಕಿವುಡಾಗುವ ಯಂತ್ರವನ್ನು ನಾನು ಕಟ್ಟಿದ್ದೆ.

ಎಲ್ಲವನ್ನೂ ಓದಿದ ಮೇಲೆಯೇ ಉತ್ತರಿಸುವಂತೆ ತಿದ್ದಿದೆ. ಆದರೂ ನಿದ್ದೆ ಬರಲಿಲ್ಲ. ಫೋನ್ ಬಾರದಿದ್ದರೆ ಅಪಾಯವಿಲ್ಲ ಎಂದು ಕಾಕಾ ನಂಬಿದ್ದರು. ನಾನೂ ಹಾಗೇ ನಂಬಿದ್ದೆ. ಸೆನ್ಸರ್ ಸುಮ್ಮನಾದರೂ ಫೋನ್ ಹೋಗಬೇಕು ಎಂದು ಇನ್ನೊಂದು ತಿದ್ದುಪಡಿ ಸೇರಿಸಿದೆ.

ಮುಂದಿನ ಮಳೆಯ ದಿನ ಸಂಜೆ ಕಾಕಾ ಫೋನ್ ಮಾಡಿದರು. "ಯವ್ವಾ, ನಿನ್ನ ಮಷೀನ್ ‘ಸುದ್ದಿ ಬಂದಿಲ್ಲ, ಹೊಳೆಗೆ ಇಳಿಯಬೇಡಿ’ ಅನ್ನಾಕತ್ತೈತಿ!"

"ಹೌದ್ರಿ ಕಾಕಾ. ಅದಕ್ಕೂ ಗೊತ್ತಿಲ್ಲ."

"ಗೊತ್ತಿಲ್ಲಂತ ಹೇಳೂದು ಕಲ್ತೈತಲ್ಲ, ಸಾಕು. ನಾ ದಂಡಿ ಮ್ಯಾಲೆ ಅದೇನಿ."

ಆ ರಾತ್ರಿ ನಾನು ಬೆಳಗಿನ ತನಕ ಮಲಗಿದೆ.