ಒಂದೇ ಟಿ.ಸಿ., ಎರಡು ಕಾಲೇಜು

ಸೋಮವಾರ ಬೆಳಿಗ್ಗೆ ಆರಕ್ಕೆ ತಾಂಡೂರು ಸ್ಟೇಷನ್ನಿನ ಹೊರಗೆ ಚಹಾ ಕುಡಿದು ನಾನು, ಮಗಳು ಮಹಾದೇವಿ ಹೈದರಾಬಾದಿನ ಪ್ಯಾಸೆಂಜರ್ ಹತ್ತಿದೆವು. ಒಬ್ಬೊಬ್ಬರ ಟಿಕೆಟ್ಟಿಗೆ ಹದಿನೆಂಟು ರೂಪಾಯಿ. ಆ ಚಹದಂಗಡಿಯ ನೆಲಕ್ಕೆ ಕಲ್ಲು ಕೂರಿಸಿದವನು ನಾನೇ. ಮೂರನೇ ಇಯತ್ತೆಗೆ ಶಾಲೆ ಬಿಟ್ಟು ಈ ಕೆಲಸಕ್ಕೆ ಬಿದ್ದವನು. ಮೂವತ್ತೈದು ವರ್ಷದಲ್ಲಿ ನನ್ನ ಕೆಲಸಕ್ಕೆ ಯಾರೂ ಹೆಸರಿಟ್ಟಿಲ್ಲ, ಒಂದು ತಪ್ಪು ತೋರಿಸಿಲ್ಲ.

ಚೀಲದಲ್ಲಿ ರೊಟ್ಟಿ, ನಂಚಿಕೊಳ್ಳಲು ಶೇಂಗಾ ಹಿಂಡಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಅವಳ ಟಿ.ಸಿ. ಬಿ.ಕಾಂ. ಆನರ್ಸ್‌ಗೆ ಎರಡು ಕಾಲೇಜಿನಿಂದ ಕಾಗದ ಬಂದಿದ್ದವು. ಒಂದು ಹೈದರಾಬಾದಿನದು, ಇನ್ನೊಂದು ಗುಲಬರ್ಗಾದ್ದು. ವಿಶ್ವವಿದ್ಯಾಲಯ ಬೇರೆ ಬೇರೆ, ಸೇರುವ ಕಡೇ ದಿನ ಮಾತ್ರ ಒಂದೇ: ಬುಧವಾರ. ಅಸಲು ಟಿ.ಸಿ. ಎಲ್ಲಿ ಕೊಡುತ್ತೇವೋ ಅಲ್ಲೇ ಮೂರು ವರ್ಷ. ಅದಕ್ಕೇ ಎರಡನ್ನೂ ಕಣ್ಣಾರೆ ನೋಡಿ ಬರಲು ಹೊರಟಿದ್ದೆವು.

ಎದುರಿಗೆ ಕೊಡಂಗಲ್ಲಿನ ತೊಗರಿ ವ್ಯಾಪಾರಿಯೊಬ್ಬರು ಕೂತಿದ್ದರು. ಸಂಗತಿ ಕೇಳಿ ನಕ್ಕರು. “ಹೆಣ್ಣುಮಗಳಿಗೆ ವ್ಯಾಪಾರದ ಲೆಕ್ಕ ಯಾಕ್ರಿ ಮೇಸ್ತ್ರಿ?”

“ನಿಮ್ಮಂಥವರ ಲೆಕ್ಕ ನೋಡಾಕರಿ, ಕಾಕಾ” ಎಂದಳು ಮಹಾದೇವಿ. ವಿಕಾರಾಬಾದ್ ಬಂದಾಗ ಅವರು ಚೀಲ ಎತ್ತಿಕೊಂಡು ಇಳಿದರು.

ಹೈದರಾಬಾದಿನ ಕಾಲೇಜಿನ ಮೆಟ್ಟಿಲು ಹತ್ತುತ್ತಲೇ ನನಗೆ ಸಮಾಧಾನವಾಯಿತು. ನೆಲಕ್ಕೆ ನಮ್ಮೂರಿನ ಹಳದಿ ಕಲ್ಲು, ಮುಖ ಕಾಣುವಂಥ ಪಾಲಿಶ್. ಹಿಮ್ಮಡಿಯಿಂದ ತಟ್ಟಿ ನೋಡಿದೆ. ಕೆಳಗೆ ಪೊಳ್ಳಿದ್ದರೆ ಸದ್ದೇ ಹೇಳುತ್ತದೆ. ಇಲ್ಲಿ ಎಲ್ಲೂ ಪೊಳ್ಳಿಲ್ಲ. ಇಷ್ಟು ನೆಟ್ಟಗೆ ನೆಲ ಮಾಡಿಸಿದವರು ಪಾಠವನ್ನೂ ನೆಟ್ಟಗೆ ಮಾಡಿಸುತ್ತಾರೆ ಎಂದುಕೊಂಡೆ. ಕಾಲೇಜು ಪರೀಕ್ಷಿಸಲು ನನಗೆ ಬೇರೆ ವಿದ್ಯೆ ಗೊತ್ತಿರಲಿಲ್ಲ.

ಎರಡೇ ಸೀಟು ಉಳಿದಿವೆ ಎಂದ ಗುಮಾಸ್ತ. ಮಹಾದೇವಿ ವರಾಂಡದಲ್ಲಿ ಯಾರೋ ಹುಡುಗಿಯ ಜತೆ ಮಾತಾಡುತ್ತಿದ್ದಳು. ಅವಳನ್ನು ಕೇಳದೆಯೇ ಟಿ.ಸಿ. ತೆಗೆದು ಕೈ ಚಾಚಿದೆ.

“ಅಪ್ಪಾ, ತಡಿ! ಕೊಡಬ್ಯಾಡ!” ಓಡಿ ಬಂದಳು.

ಗುಮಾಸ್ತ ಉರ್ದುವಿನಲ್ಲಿ ಕೇಳಿದ, ನಿಮ್ಮ ಮನೆಯಲ್ಲಿ ದೊಡ್ಡವರು ಯಾರು ಅಂತ. ಸುತ್ತಲಿದ್ದವರು ನಕ್ಕರು. ಅವಳ ರಟ್ಟೆ ಹಿಡಿದು ಹೊರಗೆ ಕರೆತಂದೆ.

“ಆ ಹುಡುಗಿದು ಹೋದ ವರ್ಷದ ನೋಟ್‌ಬುಕ್ ನೋಡಿದೆ ಅಪ್ಪಾ. ದಸರಾ ಆದ ಮ್ಯಾಲ ಹಾಳಿ ಎಲ್ಲಾ ಖಾಲಿ. ಲೆಕ್ಕ ಕಲಸೋ ಸರ್ ಬಿಟ್ಟು ಹೋಗ್ಯಾರಂತ. ಬದಲಿ ಇನ್ನೂ ಯಾರೂ ಬಂದಿಲ್ಲ.”

“ಒಂದ್ ನೋಟ್‌ಬುಕ್ ನೋಡಿ ಇಂಥಾ ಕಾಲೇಜು ಬಿಡ್ತಿಯೇನ?”

“ನೀ ನಾಕ್ ಕಲ್ಲು ತಟ್ಟಿ ಇಡೀ ಕಾಲೇಜು ಒಪ್ಪಿಲ್ಲೇನು?”

ಟಿ.ಸಿ. ಚೀಲಕ್ಕೆ ಹಾಕಿಕೊಂಡು ಊರಿಗೆ ಮರಳಿದೆವು. ದಾರಿಯುದ್ದಕ್ಕೂ ಆ ಎರಡು ಸೀಟು ಕಣ್ಣೆದುರಿಗಿದ್ದವು.

ಮಂಗಳವಾರ ಅದೇ ಸ್ಟೇಷನ್, ಗಾಡಿ ಮಾತ್ರ ಎದುರು ದಿಕ್ಕಿಗೆ. ವಾಡಿಯಲ್ಲಿ ಇಳಿದು ಗುಲಬರ್ಗಾದ ಗಾಡಿ ಹಿಡಿಯಬೇಕು. ಜಿಟಿಜಿಟಿ ಮಳೆ, ಗಾಡಿ ಎರಡು ತಾಸು ತಡ. ಗುಲಬರ್ಗಾ ಸರಿಹೋಗದಿದ್ದರೆ ಬುಧವಾರ ಮತ್ತೆ ಹೈದರಾಬಾದಿಗೆ ಓಡಬೇಕು. ಅಷ್ಟರಲ್ಲಿ ಸೀಟು ಹೋಗಿದ್ದರೆ ಹುಡುಗಿಯ ವರ್ಷವೇ ಹೋಯಿತು. ಆಫೀಸು ಮುಚ್ಚಲು ಒಂದು ತಾಸು ಇರುವಾಗ ಕಾಲೇಜು ಮುಟ್ಟಿದೆವು.

ಒಳಗೆ ಕಾಲಿಟ್ಟರೆ ನೆಲ ಪೊಳ್ಳು. ಮೂರು ಹೆಜ್ಜೆಗೆ ಒಂದು ಕಲ್ಲು ಡಬ್ ಎನ್ನುತ್ತಿತ್ತು, ಆಫೀಸಿನ ಬಾಗಿಲಲ್ಲಿ ಒಂದು ಕಲ್ಲಂತೂ ಉಯ್ಯಾಲೆಯಾಡುತ್ತಿತ್ತು. “ನೋಡಿದೇನವ್ವಾ?” ಎಂದೆ. ಮಹಾದೇವಿ ಎರಡನೇ ವರ್ಷದ ಹುಡುಗಿಯೊಬ್ಬಳನ್ನು ಹುಡುಕಿ ಕರೆತಂದು, ಅವಳ ಹೋದ ವರ್ಷದ ನೋಟ್‌ಬುಕ್ ಇಸಿದುಕೊಂಡು ನನ್ನ ಕೈಗೇ ಕೊಟ್ಟಳು.

ಇಂಗ್ಲಿಷ್ ನನಗೆ ಬಾರದು, ಅಂಕಿ ಬರುತ್ತದೆ. ಕಡೇ ಹಾಳೆಯತನಕ ತುಂಬಿತ್ತು. ಪ್ರತಿ ಹಾಳೆಗೂ ಕೆಂಪು ಶಾಯಿಯ ಸಹಿ. ಒಂದು ಕಡೆ ಇಡೀ ಲೆಕ್ಕಕ್ಕೆ ಕೆಂಪು ಗೆರೆ ಹೊಡೆದಿತ್ತು. ಕೆಳಗೆ ಅದೇ ಲೆಕ್ಕ ಮೊದಲಿನಿಂದ ಮಾಡಿತ್ತು.

“ಇದು ಯಾರು ಹೊಡೆದದ್ದು ತಾಯಿ?” ಎಂದು ಆ ಹುಡುಗಿಯನ್ನು ಕೇಳಿದೆ.

“ನಮ್ ಮೇಡಂರಿ. ತಪ್ಪಾದ್ರ ಬಿಡಂಗಿಲ್ಲರಿ ಅವರು, ಗೆರಿ ಹೊಡದು ಮತ್ತ ಮಾಡಸ್ತಾರ.”

ಸೊಟ್ಟ ಕೂತ ಕಲ್ಲನ್ನು ಎಬ್ಬಿಸಿ ಮತ್ತೆ ಕೂರಿಸುವವರನ್ನು ನಾನು ಗುರುತಿಸಬಲ್ಲೆ. ಕಿಟಕಿಯೊಳಗೆ ಟಿ.ಸಿ. ಕೊಟ್ಟೆ, ಗುಮಾಸ್ತೆ ಎಳೆದುಕೊಂಡರೂ ನನ್ನ ಬೆರಳು ಅದನ್ನು ಒಂದು ಗಳಿಗೆ ಬಿಡಲಿಲ್ಲ.

ವಾಪಸು ಬರುವಾಗ ಚಿತ್ತಾಪುರ ದಾಟುವಷ್ಟರಲ್ಲಿ ಮೂರು ಸಲ ಕೇಳಿದೆ, “ಆ ಮೇಡಂನೂ ಬಿಟ್ಟು ಹೋದ್ರ?”

“ನನಗೂ ಅಂಜಿಕಿ ಅದ ಅಪ್ಪಾ” ಎಂದಳು. ಎರಡು ದಿನದಲ್ಲಿ ಆ ಮಾತು ಅವಳ ಬಾಯಲ್ಲಿ ಬಂದದ್ದು ಅದೇ ಮೊದಲು.

ತಾಂಡೂರಲ್ಲಿ ಇಳಿದಾಗ ರಾತ್ರಿ. ಚಹದಂಗಡಿಯಲ್ಲಿ ಅವಳನ್ನು ಒಲೆಯ ಪಕ್ಕದ ಮೂಲೆಗೆ ಕರೆದುಕೊಂಡು ಹೋಗಿ, “ಇಲ್ಲಿ ತಟ್ಟು” ಎಂದೆ. ತಟ್ಟಿದಳು. ಡಬ್ ಎಂದಿತು.

“ಇದು ನೀ ಕೂರಿಸಿದ್ದಲ್ಲೇನು?”

“ಹೌದು. ಪೊಳ್ಳ ಅದ ಅಂತ ಕೂರಿಸಿದ ದಿನದಿಂದ ನನಗ ಗೊತ್ತು, ಎಬ್ಬಿಸಿ ಮತ್ತ ಕೂರಿಸಲಿಲ್ಲ” ಎಂದೆ. ಅದುವರೆಗೆ ಅದನ್ನು ಯಾರಿಗೂ ಹೇಳಿರಲಿಲ್ಲ.